ಅಪ್ಪಯ್ಯನ ತೋಟಕ್ಕೆ ಆಳಿಲ್ಲ, ನಾನು ಟಲ್ಲಿಯ ಬಾಳೆತೋಟದಲ್ಲಿ

ಆಸ್ಟ್ರೇಲಿಯಾ ತನ್ನ ‘ವರ್ಕ್ ಅಂಡ್ ಹಾಲಿಡೇ’ ವೀಸಾವನ್ನು ಭಾರತೀಯರಿಗೆ ತೆರೆದದ್ದು 2024ರಲ್ಲಿ. ಒಂದು ವರ್ಷ ಆ ದೇಶ ಸುತ್ತಬಹುದು, ಸುತ್ತುವ ಖರ್ಚನ್ನು ಅಲ್ಲೇ ದುಡಿದುಕೊಳ್ಳಬಹುದು. ವರ್ಷಕ್ಕೆ ಒಂದು ಸಾವಿರ ಜನರಿಗೆ ಮಾತ್ರ ಅವಕಾಶ. ವಯಸ್ಸು 18ರಿಂದ 30 ಇರಬೇಕು, ಪಿಯುಸಿ ಆದ ಮೇಲೆ ಎರಡು ವರ್ಷವಾದರೂ ಓದಿರಬೇಕು, ಇಂಗ್ಲಿಷ್ ತಿಳಿದಿರಬೇಕು, ಖಾತೆಯಲ್ಲಿ ಸುಮಾರು 5,000 ಡಾಲರ್ ತೋರಿಸಬೇಕು. (ಈ ಬರಹದಲ್ಲಿ ಡಾಲರ್ ಎಂದರೆ ಆಸ್ಟ್ರೇಲಿಯಾದ್ದು. ನಾನು ಹೋದಾಗ ಅದು 55 ರೂಪಾಯಿಯ ಆಸುಪಾಸಿನಲ್ಲಿತ್ತು.) 25 ಡಾಲರ್ ಕಟ್ಟಿ ಹೆಸರು ನೋಂದಾಯಿಸಿದರೆ ಲಾಟರಿ ಎತ್ತುತ್ತಾರೆ. ಆ ಅಕ್ಟೋಬರಿನಲ್ಲಿ ಪುಣೆ ಹತ್ತಿರದ ಚಾಕಣ್‌ನಲ್ಲಿರುವ ನಮ್ಮ ಆಟೊ ಬಿಡಿಭಾಗಗಳ ಕಂಪನಿಯಿಂದ ನಾಲ್ಕು ಜನ ಚಹಾದ ಬಿಡುವಿನಲ್ಲಿ ಹೆಸರು ಹಾಕಿದೆವು. ಬಂದದ್ದು ನನ್ನ ಹೆಸರು ಒಂದೇ.

ನಮ್ಮಲ್ಲಿ ಹೊರದೇಶಕ್ಕೆ ಹೋಗಲು ಇರುವುದು ಎರಡೇ ದಾರಿ ಎಂದು ಎಲ್ಲರೂ ತಿಳಿದಿದ್ದಾರೆ. ಕಂಪನಿ ಕಳಿಸಬೇಕು, ಇಲ್ಲವೇ ಸಾಲ ಮಾಡಿ ಓದಲು ಹೋಗಬೇಕು. ಬೆನ್ನಿಗೊಂದು ಚೀಲ ಏರಿಸಿಕೊಂಡು ‘ಅಲ್ಲಿ ಹೋಗಿ ಕೆಲಸ ಹುಡುಕಿಕೊಳ್ತೀನಿ’ ಎಂದು ಹೊರಡುವುದು ಹಂಪಿ, ಗೋಕರ್ಣಗಳಲ್ಲಿ ಕಾಣುವ ಬಿಳಿಯ ಹುಡುಗರ ಕೆಲಸ, ನಮ್ಮದಲ್ಲ. ಅದೂ 28 ವರ್ಷದ, ಮದುವೆಯಾಗದ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿದ್ದ ಹುಡುಗಿಯದಂತೂ ಅಲ್ಲವೇ ಅಲ್ಲ. ಅಮ್ಮನಿಗೆ ಚಿಂತೆ ಇದ್ದದ್ದು ಮದುವೆಯದು. ಅಪ್ಪಯ್ಯನ ಚಿಂತೆ ಬೇರೆ. ಅಲ್ಲಿ ಎಂತ ಕೆಲಸ ಸಿಗುತ್ತದೆ ಎಂದು ಕೇಳಿದರು. ಹೋಟೆಲು, ಕ್ಲೀನಿಂಗು, ತೋಟದ ಕೆಲಸ ಎಂದೆ.

“ನಮ್ಮ ತೋಟಕ್ಕೆ ಒಂದು ಆಳು ಸಿಗ್ತಿಲ್ಲ ಅಂತ ನಾನಿಲ್ಲಿ ಊರೂರು ತಿರುಗ್ತಾ ಇದೀನಿ. ನೀನು ಇರೋ ಕೆಲಸ ಬಿಟ್ಟು ಇನ್ಯಾರದೋ ತೋಟಕ್ಕೆ ಆಳಾಗಿ ಹೋಗ್ತೀನಿ ಅಂತೀಯಲ್ಲ ಮಾರಾಯ್ತಿ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ, ಕಾಳುಮೆಣಸು. ಅಣ್ಣ ಬೆಂಗಳೂರಲ್ಲಿ, ನಾನು ಆರು ವರ್ಷದಿಂದ ಪುಣೆಯಲ್ಲಿ. ಊರಿನ ಹದಿನಾಲ್ಕು ಮನೆಗಳಲ್ಲಿ ಐವತ್ತರ ಕೆಳಗಿನವರು ಇರುವುದು ನಾಲ್ಕು ಮನೆಯಲ್ಲಿ. ಮಲೆನಾಡಿನಿಂದ ಬಂದು ಮುಂಬೈ, ಹೈದರಾಬಾದುಗಳಲ್ಲಿ ಇರುವ ಓದುಗರಿಗೆ ಈ ಲೆಕ್ಕ ಹೊಸದೇನಲ್ಲ.

2025ರ ಮಾರ್ಚ್ ಮೊದಲ ವಾರ ಮೆಲ್ಬರ್ನಿನಲ್ಲಿ ಇಳಿದೆ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನ ಹತ್ತಿರದ ಹಾಸ್ಟೆಲ್, ಎಂಟು ಮಂಚದ ಕೋಣೆ, ಮೇಲಿನ ಹಾಸಿಗೆ, ವಾರಕ್ಕೆ 260 ಡಾಲರ್. ನನಗೆ ಇದರಿಂದ ಗಾಬರಿಯೇನೂ ಆಗಲಿಲ್ಲ. ಪುಣೆಗೆ ಹೊಸದಾಗಿ ಬಂದಾಗ ಭೋಸರಿಯಲ್ಲಿ ‘ಕಾಟ್ ಬೇಸಿಸ್’ ಮೇಲೆ ಇದ್ದವಳು ನಾನು. ಬಾಡಿಗೆ ಮನೆಗಲ್ಲ, ಮಂಚಕ್ಕೆ. ಬಕೆಟ್ಟಿಗೆ ಹೆಸರು ಬರೆಯುವುದು, ಬಿಸಿನೀರಿಗೆ ಸರತಿ, ಪಕ್ಕದ ಮಂಚದವಳು ಫೋನಿನಲ್ಲಿ ಅಳುವಾಗ ನಿದ್ದೆ ಬಂದವರಂತೆ ಮಲಗುವುದು, ಎಲ್ಲ ಅಲ್ಲೇ ಕಲಿತಾಗಿತ್ತು. ಒಮ್ಮೆ ಊರು ಬಿಟ್ಟವರಿಗೆ ಎರಡನೇ ಸಲ ಅಷ್ಟು ಕಷ್ಟವಲ್ಲ. ಜತೆಯಲ್ಲಿದ್ದ ಫ್ರಾನ್ಸಿನ ಹುಡುಗಿ ಮೊದಲ ವಾರ ನನಗಿಂತ ಹೆಚ್ಚು ಕಂಗಾಲಾಗಿದ್ದಳು. ಅವಳು ಹದಿನೆಂಟು ತುಂಬಿದ ಕೂಡಲೇ ನೇರ ಅಮ್ಮನ ಮನೆಯಿಂದ ಬಂದವಳು.

ಹಾಸ್ಟೆಲ್ ಅಡುಗೆಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಫ್ರಿಜ್ಜಿನಲ್ಲಿಡುವ ಚೀಲದ ಮೇಲೆ ನಿಮ್ಮ ಹೆಸರು, ಕೋಣೆ ನಂಬರು, ಖಾಲಿ ಮಾಡುವ ತಾರೀಖು ಬರೆದಿರಬೇಕು. ತಾರೀಖು ದಾಟಿದರೆ ಕ್ಲೀನಿಂಗ್ ದಿನ ಎತ್ತಿ ಎಸೆಯುತ್ತಾರೆ. ಒಂದು ಮೂಲೆಯಲ್ಲಿ ‘ಫ್ರೀ’ ಎಂದು ಬರೆದ ಕಪಾಟಿದೆ. ಊರು ಬಿಟ್ಟು ಹೊರಟವರು ಅರ್ಧ ಉಳಿದ ಎಣ್ಣೆ, ಉಪ್ಪು, ಪಾಸ್ತಾ, ಶಾಂಪೂ ಅಲ್ಲಿಟ್ಟು ಹೋಗುತ್ತಾರೆ. ನಾನು ಮೊದಲ ಹದಿನೈದು ದಿನ ಉಪ್ಪು, ಎಣ್ಣೆ ಕೊಂಡದ್ದೇ ಇಲ್ಲ. ಪಾಸ್ತಾಕ್ಕೆ ಅಮ್ಮ ಕಟ್ಟಿಕೊಟ್ಟಿದ್ದ ಹುಳಿಪುಡಿ ಹಾಕಿ ಬೇಯಿಸಿದರೆ ಶ್ಯಾವಿಗೆಯ ದೂರದ ನೆಂಟನಂತೆ ಇರುತ್ತದೆ, ಹಸಿದಾಗ ಚೆನ್ನಾಗೇ ಇರುತ್ತದೆ. ಮಾರ್ಕೆಟ್ಟಿನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಹೋದರೆ ಉಳಿದ ತರಕಾರಿಯನ್ನು ರಾಶಿ ಮಾಡಿ ಒಂದೆರಡು ಡಾಲರಿಗೆ ಕೊಡುತ್ತಾರೆ. ಅಂಗಡಿಯವನು ಕೂಗುವ ಧಾಟಿ ಪುಣೆಯ ಮಂಡಈಯದೇ.

ಅಲ್ಲಿ ಕೆಲಸಕ್ಕೆ ಸೇರಲು ಮೊದಲು ಬೇಕಾದದ್ದು ಟ್ಯಾಕ್ಸ್ ಫೈಲ್ ನಂಬರು, ನಮ್ಮ ಪ್ಯಾನ್ ಇದ್ದಂತೆ. ಆ ದೇಶದೊಳಗೆ ಕಾಲಿಟ್ಟ ಮೇಲೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಶುಲ್ಕವಿಲ್ಲ, 28 ದಿನದವರೆಗೆ ಹಿಡಿಯಬಹುದು. ಅದಿಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಅರ್ಧದ ಹತ್ತಿರ ತೆರಿಗೆ ಹಿಡಿಯುತ್ತಾರೆ. ತಮಾಷೆ ಏನೆಂದರೆ ಆ ನಂಬರು ಬರುವುದು ಅಂಚೆಯಲ್ಲಿ. ವಿಳಾಸವೇ ಇಲ್ಲದವರಿಗೆ ಅಂಚೆ! ಎಲ್ಲರೂ ಹಾಸ್ಟೆಲ್ ವಿಳಾಸವನ್ನೇ ಕೊಡುತ್ತಾರೆ. ಕಾಗದ ಬರುವವರೆಗೆ ಬೇರೆ ಕಡೆ ಕಡಿಮೆ ಬಾಡಿಗೆಗೆ ಜಾಗ ಸಿಕ್ಕರೂ ಹೋಗುವ ಹಾಗಿಲ್ಲ. ರಿಸೆಪ್ಷನ್ನಿನ ಗೋಡೆಗೆ ಕಾಗದ ಸಿಕ್ಕಿಸುವ ಕಟ್ಟಿಗೆಯ ಗೂಡುಗಳಿದ್ದವು. ಬೆಳಿಗ್ಗೆ, ಸಂಜೆ ಅದರ ಮುಂದೆ ನಿಲ್ಲುತ್ತಿದ್ದೆ. ಅಲ್ಲಿ ಎಷ್ಟೋ ಜನರ ಕಾಗದಗಳು ಧೂಳು ಹಿಡಿದು ಕೂತಿದ್ದವು. ಕಾದು ಸಾಕಾಗಿ ಹೊರಟುಹೋದವರದು. ನನ್ನದು ಹದಿಮೂರನೆಯ ದಿನ ಬಂತು.

ಇನ್ನು ರೆಸ್ಯೂಮೆ. ಸ್ಟೇಟ್ ಲೈಬ್ರರಿಯಲ್ಲಿ ಕೂತು ಅದನ್ನು ಹೊಸದಾಗಿ ಬರೆದೆ. ಸ್ವಾನ್‌ಸ್ಟನ್ ಸ್ಟ್ರೀಟಿನ ಆ ಗ್ರಂಥಾಲಯದ ಎಂಟು ಮೂಲೆಯ ಗುಮ್ಮಟದ ಓದುಕೋಣೆ 1913ರದು. ಯಾರೂ ಏನೂ ಕೇಳುವುದಿಲ್ಲ, ವೈಫೈ ಪುಕ್ಕಟೆ, ಚಳಿಯಿಲ್ಲ. ನನ್ನಂಥ ಕೆಲಸವಿಲ್ಲದವರಿಗೆ ಅದೇ ಆಫೀಸು. ಅಲ್ಲಿಯ ಪದ್ಧತಿಯಂತೆ ರೆಸ್ಯೂಮೆಯಲ್ಲಿ ಫೋಟೊ ಇರುವುದಿಲ್ಲ, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ಲವೋ, ತಂದೆಯ ಹೆಸರು, ಯಾವುದೂ ಇರುವುದಿಲ್ಲ. ಪುಣೆಯಿಂದ ಒಯ್ದ ರೆಸ್ಯೂಮೆಯ ಕೊನೆಯ ಭಾಗ ಪೂರ್ತಿ ಅಳಿಸಿದೆ. ಆಮೇಲೆ ಹೋಟೆಲ್, ಕೆಫೆಗಳಿಗೆ ಕೊಡುವ ಪ್ರತಿಯಿಂದ ಬಿ.ಇ. ಕೂಡ ತೆಗೆದೆ. ಓದಿದವಳು ಬೇಗ ಬಿಟ್ಟು ಹೋಗುತ್ತಾಳೆ ಎಂದು ತಿಳಿಯುತ್ತಾರಂತೆ. ಉಳಿದದ್ದು ಹೆಸರು, ಫೋನ್ ನಂಬರು, ಮತ್ತು ಕಾಲೇಜಿನ ದಿನಗಳಲ್ಲಿ ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತ ಎರಡು ಬೇಸಿಗೆ ರಜೆ. ಆರು ವರ್ಷದ ಕ್ವಾಲಿಟಿ ಎಂಜಿನಿಯರಿಕೆಗಿಂತ ಆ ಗಲ್ಲಾಕ್ಕೇ ಅಲ್ಲಿ ಬೆಲೆ.

ಓದಿಗೆ ತಕ್ಕ ಕೆಲಸಕ್ಕೂ ಪ್ರಯತ್ನಿಸಿದೆ. ಕೆಲಸ ಕೊಡಿಸುವ ಏಜೆನ್ಸಿಯವರ ಮಾತು ವೀಸಾದ ಹೆಸರು ಕೇಳುವವರೆಗೆ ಚೆನ್ನಾಗಿ ಸಾಗುತ್ತಿತ್ತು. ಈ ವೀಸಾದಲ್ಲಿ ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವ ಹಾಗಿಲ್ಲ. ಆರು ತಿಂಗಳಿಗೆ ಎಂಜಿನಿಯರನ್ನು ಯಾರು ತೆಗೆದುಕೊಳ್ಳುತ್ತಾರೆ? ಬಹಳ ಸಭ್ಯವಾಗಿ ಫೋನ್ ಇಡುತ್ತಿದ್ದರು.

ಕೆಫೆಗಳದು ಇನ್ನೊಂದು ಕಥೆ. ಮೆಲ್ಬರ್ನಿನವರಿಗೆ ಕಾಫಿಯ ಬಗ್ಗೆ ನಮ್ಮ ಚಿಕ್ಕಮಗಳೂರಿನವರಿಗಿಂತ ಜಂಬ. ಒಂದು ಕಡೆ ಫಿಲ್ಟರ್ ಕಾಫಿ ಮಾಡಲು ಬರುತ್ತದಾ ಎಂದು ಕೇಳಿದರು. ಹುಟ್ಟಿದಾಗಿನಿಂದ ಎಂದೆ. ಅವರ ಫಿಲ್ಟರ್ ಎಂದರೆ ಕಾಗದದಲ್ಲಿ ಸೋಸಿದ, ಹಾಲಿಲ್ಲದ ಕರಿಕಾಫಿ. ಅಲ್ಲಿಗೆ ಆ ಸಂದರ್ಶನ ಮುಗಿಯಿತು. ನಗರದ ಮಧ್ಯಭಾಗದಲ್ಲಿ ಟ್ರಾಮ್ ಪುಕ್ಕಟೆ. ಆ ಗಡಿಯೊಳಗೆ ಇರುವ ಕೆಫೆಗಳನ್ನೆಲ್ಲ ಮುಗಿಸಿ, ಗಡಿಯಾಚೆ ನಡೆದುಕೊಂಡು ಹೋಗುತ್ತಿದ್ದೆ. ಒಟ್ಟು 74 ಕಡೆ ಕಾಗದ ಕೊಟ್ಟೆ. ಲೆಕ್ಕ ಇಡುವುದು ಕ್ವಾಲಿಟಿಯವರ ಚಟ.

ಆ ನಡುವೆ ಒಬ್ಬರು ಸಿಕ್ಕಿದರು. ಕ್ಲೀನಿಂಗ್ ಗುತ್ತಿಗೆ ಹಿಡಿದವರು, ನಮ್ಮ ದೇಶದವರೇ. ರಾತ್ರಿ ಪಾಳಿ, ಗಂಟೆಗೆ 15 ಡಾಲರ್, ಕೈಗೆ ನಗದು, ಕಾಗದ ಪತ್ರ ಏನೂ ಬೇಡ. “ಅರೇ, ನಾವು ನಾವು ತಾನೇ” ಎಂದರು ಹಿಂದಿಯಲ್ಲಿ. ಆಗ ಅಲ್ಲಿನ ಕನಿಷ್ಠ ವೇತನ ಗಂಟೆಗೆ 24.10 ಡಾಲರ್. ಕ್ಯಾಶುವಲ್ ಆಗಿ ತೆಗೆದುಕೊಂಡರೆ ಅದರ ಮೇಲೆ ಶೇ 25 ಸೇರಿಸಿ ಕೊಡಬೇಕು, ಅಂದರೆ 30 ಡಾಲರ್ ದಾಟುತ್ತದೆ. ಇದನ್ನು ಹೇಳಿದಾಗ ಅವರಿಗೆ ಬೇಸರವಾಯಿತು, ಹೊಸಬರಿಗೆ ಸಹಾಯ ಮಾಡೋಣ ಅಂದರೆ ಹೀಗೆ ಎಂದರು. ಪರದೇಶದಲ್ಲಿ ‘ನಮ್ಮವರು’ ಎಂಬ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಕೂಲಿ ಕಡಿಮೆ ಮಾಡುವ ಹೊತ್ತಿನಲ್ಲಿ. ಹೋಗಬೇಕೆಂದಿರುವವರು ವಿಮಾನ ಹತ್ತುವ ಮೊದಲೇ ಅಲ್ಲಿನ ಫೇರ್ ವರ್ಕ್ ಸಂಸ್ಥೆಯ ತಾಣದಲ್ಲಿ ಕೂಲಿಯ ಲೆಕ್ಕ ನೋಡಿಕೊಂಡು ಹೋಗಿ. ಮಿಕ್ಕ ಸಲಹೆಗಳನ್ನು ಮರೆತರೂ ಪರವಾಗಿಲ್ಲ.

ಹಾಗೆಂದು ನಮ್ಮವರೆಲ್ಲ ಹಾಗೆ ಎಂದು ತಿಳಿಯಬೇಡಿ. ಪುಣೆಯ ಸಹೋದ್ಯೋಗಿಯ ಅಕ್ಕ ಟಾರ್ನೀಟ್ ಎಂಬ ಬಡಾವಣೆಯಲ್ಲಿದ್ದಾರೆ. ಯುಗಾದಿಗೆ ಕರೆದರು. ಮನೆ ತುಂಬ ಕನ್ನಡ, ಹೋಳಿಗೆ, ಮಾವಿನಕಾಯಿ ಚಿತ್ರಾನ್ನ. ಎಲ್ಲರದೂ ಮೊದಲ ಪ್ರಶ್ನೆ “ಯಾವ ಕಂಪನಿ?”, ಎರಡನೆಯದು “ಪಿ.ಆರ್. ಆಗುತ್ತಾ?” ಕಂಪನಿಯಿಲ್ಲ, ಹಾಸ್ಟೆಲಿನಲ್ಲಿದ್ದೇನೆ, ಈ ವೀಸಾದಿಂದ ಪಿ.ಆರ್. ಆಗುವುದಿಲ್ಲ ಎಂದಾಗ ಒಂದು ಕ್ಷಣ ಏನು ಮಾತಾಡುವುದೆಂದು ಅವರಿಗೆ ತಿಳಿಯಲಿಲ್ಲ. ಹೊರಡುವಾಗ ಆ ಅಕ್ಕ ಒಂದು ಡಬ್ಬಿ ಚಟ್ನಿಪುಡಿ, ಒಂದು ಹಳೆಯ ಸ್ವೆಟರ್ ಕೊಟ್ಟರು. ಏಪ್ರಿಲ್ ಚಳಿಗೆ ಅದು ಬಹಳ ಉಪಕಾರವಾಯಿತು.

ಕೊನೆಗೆ ಸಿಕ್ಕಿದ್ದು ಒಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸ. ವಾರಕ್ಕೆ ಎರಡು ದಿನವೋ ಮೂರು ದಿನವೋ, ಹಿಂದಿನ ರಾತ್ರಿ ಮೆಸೇಜು ಬಂದಾಗಲೇ ಗೊತ್ತಾಗುವುದು. ಆರನೇ ವಾರದ ಕೊನೆಗೆ ಖಾತೆಯಲ್ಲಿ 2,100 ಡಾಲರ್ ಉಳಿದಿತ್ತು. ವಾಪಸು ಟಿಕೆಟ್ಟಿನ ಹಣ ಮುಟ್ಟಬಾರದು ಎಂದು ಗೆರೆ ಎಳೆದುಕೊಂಡಿದ್ದೆ. ಆ ಗೆರೆಗೆ ಇನ್ನು ಐದು ವಾರ. ಕೆಳಗಿನ ಮಂಚದ ತೈವಾನಿನ ಹುಡುಗಿ ಎರಡನೇ ವರ್ಷದ ವೀಸಾದಲ್ಲಿದ್ದಳು. “ಉತ್ತರಕ್ಕೆ ಹೋಗು, ಬಾಳೆಗೆ ಸೀಸನ್ ಇಲ್ಲ” ಎಂದಳು. ಅಂದರೆ ವರ್ಷಪೂರ್ತಿ ಕೊಯ್ಲು. ಉತ್ತರದ ತೋಟಗಳಲ್ಲಿ ಮೂರು ತಿಂಗಳು ದುಡಿದರೆ ಲಾಟರಿಯಿಲ್ಲದೆ ಇನ್ನೊಂದು ವರ್ಷದ ವೀಸಾಕ್ಕೂ ಅರ್ಜಿ ಹಾಕಬಹುದು. ಹಾಗೆ ಕೈರ್ನ್ಸ್‌ಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್. ಊರಿನ ಹೆಸರು ಟಲ್ಲಿ.

ಬಸ್ಸಿಳಿದಾಗ ಮಳೆ. ಅಂಥಿಂಥ ಮಳೆಯಲ್ಲ, ನಮ್ಮ ಮಳೆ. ಎದುರಿಗೆ ಮಂಜು ಹೊದ್ದ ಗುಡ್ಡ, ಕೆಂಪು ಮಣ್ಣು, ಪಾಚಿ ಕಟ್ಟಿದ ಗೋಡೆ, ಕಪ್ಪೆಗಳ ಗಲಾಟೆ. ಆರು ವಾರದಿಂದ ಬಿಗಿಹಿಡಿದಿದ್ದ ಏನೋ ಅಲ್ಲಿ ಸಡಿಲವಾಯಿತು. ಆ ಊರಿನಲ್ಲಿ 7.9 ಮೀಟರ್ ಎತ್ತರದ ಒಂದು ಗಮ್‌ಬೂಟಿನ ಪ್ರತಿಮೆ ಇದೆ. 1950ರಲ್ಲಿ ಅಲ್ಲಿ ಒಂದೇ ವರ್ಷ ಅಷ್ಟು ಎತ್ತರ ಮಳೆ ಸುರಿಯಿತಂತೆ, 7,900 ಮಿಲಿಮೀಟರ್. ಒಳಗೆ ಮೆಟ್ಟಿಲು, ಹೊರಗೆ ಬೂಟಿಗೆ ಹತ್ತುತ್ತಿರುವ ಒಂದು ಹಸಿರು ಕಪ್ಪೆ. ಫೋಟೊ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. “ಆಗುಂಬೆಯಲ್ಲಿ ಏಳು ಸಾವಿರ ದಾಟಿದ್ದು ಎಷ್ಟು ಸಲವೋ, ನಾವು ಬೂಟು ಕಟ್ಟಿಸ್ಲಿಲ್ಲ” ಎಂದು ಉತ್ತರ ಬಂತು. ನಾನು ಹೊರಟ ಮೇಲೆ ಅವರು ನಕ್ಕಂತೆ ಬರೆದ ಮೊದಲ ಮೆಸೇಜು ಅದು.

ಟಲ್ಲಿಯಲ್ಲಿ ಕೆಲಸ ಕೊಡಿಸುವುದು ಹಾಸ್ಟೆಲುಗಳೇ. ಅಲ್ಲಿ ಬಾಡಿಗೆಗೆ ಇದ್ದರೆ ಮಾತ್ರ ತೋಟಕ್ಕೆ ಹೆಸರು ಕಳಿಸುತ್ತಾರೆ. ಒಂಬತ್ತು ದಿನ ಬಾಡಿಗೆ ಕಟ್ಟುತ್ತಾ ಸುಮ್ಮನೆ ಕಾದೆ. ಹತ್ತನೆಯ ದಿನ ಬೆಳಗಿನ ಜಾವ ಐದೂವರೆಗೆ ವ್ಯಾನ್ ಹತ್ತಿದೆ. ತೋಟದಲ್ಲಿ ಒಬ್ಬ ಬಾಳೆಮರಕ್ಕೆ ಅರ್ಧ ಕಚ್ಚು ಹಾಕಿ ಬಗ್ಗಿಸುತ್ತಾನೆ, ಇನ್ನೊಬ್ಬ ಗೊನೆಗೆ ಹೆಗಲು ಕೊಡುತ್ತಾನೆ, ಮೊದಲನೆಯವನು ಕಡಿಯುತ್ತಾನೆ. ಗೊನೆಗಳು ಐವತ್ತು ಕಿಲೋ ದಾಟುವುದೂ ಉಂಟು. ನನ್ನನ್ನು ಹಾಕಿದ್ದು ಶೆಡ್ಡಿನಲ್ಲಿ. ಗೊನೆಯಿಂದ ಚಿಪ್ಪು ಬಿಡಿಸಿ ನೀರಿನ ತೊಟ್ಟಿಗೆ ಬಿಡುವುದು, ಗಾತ್ರ ನೋಡಿ ವಿಂಗಡಿಸುವುದು, ರಟ್ಟಿನ ಪೆಟ್ಟಿಗೆಗೆ ತುಂಬುವುದು. ಎಂಟು ಗಂಟೆ ನಿಂತೇ. ಮೊದಲ ವಾರ ಬೆರಳು ಮಡಚಲು ಬರುತ್ತಿರಲಿಲ್ಲ, ಬಾಳೆಯ ಕಸರು ಹಿಡಿದು ಕೈ ಕಪ್ಪಾಗಿತ್ತು. ಆದರೆ ಇದು ಕ್ವಾಲಿಟಿ ಕೆಲಸವೇ ತಾನೇ. ಗೀರು ಬಿದ್ದದ್ದು, ಡೊಂಕಾದದ್ದು, ಅಳತೆಗೆ ಬಾರದ್ದು ಬೇರೆ. ಮೂರನೇ ವಾರದಿಂದ ವಿಂಗಡಿಸುವ ಸಾಲಿನ ಕೊನೆಯ ಜಾಗ, ಅಂದರೆ ಕಣ್ಣು ಚುರುಕಿರುವವರ ಜಾಗ, ನನ್ನದಾಯಿತು.

ಗೊನೆಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಕಟ್ಟಿರುತ್ತಾರೆ, ಹಕ್ಕಿ ಹುಳ ಮುಟ್ಟದಂತೆ, ಎಲೆ ತಾಗಿ ಗೀರಾಗದಂತೆ. ನಮ್ಮಲ್ಲಿ ಕೊಳೆರೋಗ ಬಾರದಿರಲಿ ಎಂದು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಾರಲ್ಲ, ಹಾಗೆ. ಬಾಳೆಮೂತಿಯನ್ನು ಮುರಿದು ನೆಲಕ್ಕೆ ಎಸೆಯುತ್ತಾರೆ. ಕೊಯ್ದ ಮರವನ್ನು ಅಲ್ಲೇ ಉರುಳಿಸುತ್ತಾರೆ. ಪಲ್ಯಕ್ಕಾಗುವ ಮೂತಿ, ಮೊಸರು ಬಜ್ಜಿಗಾಗುವ ದಿಂಡು ಎಕರೆಗಟ್ಟಲೆ ಕೊಳೆಯುವುದನ್ನು ನೋಡಿ ನನಗೆ ಆದ ಸಂಕಟ ಶೆಡ್ಡಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಒಂದು ಗೇಣು ದಿಂಡು ಒಯ್ಯಲೇ ಎಂದು ಮೇಸ್ತ್ರಿಯನ್ನು ಕೇಳಿದೆ. ಹಣ್ಣು ಬೇಕಾದಷ್ಟು ಒಯ್ಯಿ, ಗಿಡದ ಚೂರೂ ಹೊರಗೆ ಹೋಗಬಾರದು ಎಂದ. 2015ರಲ್ಲಿ ಟಲ್ಲಿಯ ತೋಟವೊಂದರಲ್ಲಿ ಪನಾಮಾ ರೋಗದ ಟಿ.ಆರ್. 4 ಎಂಬ ತಳಿ ಕಾಣಿಸಿತು. ಮಣ್ಣಿನಲ್ಲಿರುವ ಶಿಲೀಂಧ್ರ, ಒಮ್ಮೆ ಬಂದರೆ ದಶಕಗಟ್ಟಲೆ ಹೋಗುವುದಿಲ್ಲ, ಬೂಟಿಗಂಟಿದ ಮಣ್ಣಿನಲ್ಲೂ ಸಾಗುತ್ತದೆ. ಆದ್ದರಿಂದ ತೋಟದ ಗೇಟಿನಲ್ಲೇ ಬೂಟು ಉಜ್ಜಿ, ಔಷಧಿ ನೀರಿನ ತೊಟ್ಟಿಯಲ್ಲಿ ಅದ್ದಿ ಒಳಗೆ ಹೋಗಬೇಕು. ಬರುವಾಗಲೂ ಹಾಗೇ. ಈ ರೋಗ ಭಾರತಕ್ಕೂ ಬಂದಿದೆ, ಬಿಹಾರ, ಉತ್ತರ ಪ್ರದೇಶಗಳ ಬಾಳೆಯಲ್ಲಿ. ಹಾಗಾಗಿ ವಾಪಸು ಬರುವಾಗ ನನ್ನ ಬೂಟನ್ನು ಹಾಸ್ಟೆಲಿನ ಫ್ರೀ ಕಪಾಟಿನಲ್ಲೇ ಬಿಟ್ಟು ಬಂದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೂನ್ ಮೊದಲ ವಾರ. ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಊಟದ ಬಿಡುವು. ಕ್ವೀನ್ಸ್‌ಲ್ಯಾಂಡ್ ಸಮಯ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಂದರೆ ಊರಿನಲ್ಲಿ ಬೆಳಗಿನ ಎಂಟು. ಅಪ್ಪಯ್ಯನ ಫೋನು. ಅಸ್ಸಾಮಿನಿಂದ ಇಬ್ಬರು ಅಣ್ಣತಮ್ಮಂದಿರು ಕೆಲಸಕ್ಕೆ ಬಂದಿದ್ದಾರೆ, ಅವರಿಗೆ ಕನ್ನಡ ಬರುವುದಿಲ್ಲ. ಅಪ್ಪಯ್ಯನ ಹಿಂದಿಯೋ, ದೂರದರ್ಶನದ ರಾಮಾಯಣ ನೋಡಿ ಕಲಿತದ್ದು. “ನೀನೇ ಸ್ವಲ್ಪ ಹೇಳು, ಮದ್ದು ಕಲಸೋದು ತಪ್ಪಿದ್ರೆ ಮಳೆ ಹಿಡಿದ ಮೇಲೆ ಕೊಳೆ ಬಂದೇಬಿಡುತ್ತೆ.” ಸ್ಪೀಕರಿಗೆ ಹಾಕಿದರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಮೈಲುತುತ್ತಕ್ಕೆ ಹಿಂದಿಯಲ್ಲಿ ‘ನೀಲಾ ಥೋಥಾ’ ಎಂಬುದನ್ನು ಆಗಲೇ ಹುಡುಕಿಕೊಂಡೆ. ಪಕ್ಕದಲ್ಲಿ ವನುವಾಟು ದ್ವೀಪದಿಂದ ಬಂದ ಹೆಂಗಸು ತನ್ನ ಮಕ್ಕಳ ಜತೆ ವಿಡಿಯೊ ಕರೆಯಲ್ಲಿದ್ದಳು. ಅಂಥ ದ್ವೀಪಗಳಿಂದ ಸರ್ಕಾರದ ಯೋಜನೆಯಡಿ ಬಂದು ತಿಂಗಳುಗಟ್ಟಲೆ ದುಡಿದು ಮನೆಗೆ ಹಣ ಕಳಿಸುವವರು ಆ ತೋಟದಲ್ಲಿ ಹಲವರಿದ್ದರು. ಅವರು ಬ್ಯಾಕ್‌ಪ್ಯಾಕರುಗಳಲ್ಲ, ಸುತ್ತಾಡಲು ಬಂದವರಲ್ಲ.

ಆಮೇಲೆ ದಿನ ಬಿಟ್ಟು ದಿನ ಫೋನು. ಬಸಿಗಾಲುವೆ ಎಲ್ಲಿ ತೆಗೆಯಬೇಕು, ಸೊಪ್ಪು ಯಾವುದು ಕಡಿಯಬೇಕು. ಎರಡನೇ ವಾರ ಅವರಲ್ಲಿ ದೊಡ್ಡವನು, ಅಪ್ಪಯ್ಯ ಪಕ್ಕಕ್ಕೆ ಹೋದಾಗ, ನನ್ನ ಹತ್ತಿರ ಒಂದು ಮಾತು ಹೇಳಿದ. ಬಿಡಾರ ಸೋರುತ್ತದೆ ದೀದಿ, ಮಲಗುವ ಕಡೆಯೇ ಸೋರುತ್ತದೆ. ಇರುವುದು ಒಂದೇ ದೀಪ, ಸ್ನಾನಕ್ಕೆ ಬಿಸಿನೀರಿಲ್ಲ. ಅಷ್ಟು ದಿನ ನಾನು ಒಂದು ಕಡೆಗೆ ಮಾತ್ರ ಅನುವಾದ ಮಾಡುತ್ತಿದ್ದೆ. ಇದನ್ನೂ ಮಾಡಬೇಕಲ್ಲ.

ಅಪ್ಪಯ್ಯನಿಗೆ ಹೇಳಿದೆ. “ಮಳೆಗಾಲದಲ್ಲಿ ನಮ್ಮನೇನೂ ಸೋರುತ್ತೆ” ಎಂದರು. ಆ ಬಿಡಾರ ನಾನು ಚಿಕ್ಕಂದಿನಿಂದ ನೋಡಿದ್ದೇ. ಕೊಟ್ಟಿಗೆಯ ಹಿಂದೆ, ಒಂದು ಬಾಗಿಲು, ಕಿಟಕಿಯಿಲ್ಲ. ಆಟವಾಡುವಾಗ ಚೆಂಡು ಹೋದರೆ ತರಲು ಬಿಟ್ಟರೆ ಒಳಗೆ ಹೋದವಳಲ್ಲ. ಈಗ ನಾನು ಆರು ಜನರ ಕೋಣೆಯಲ್ಲಿ ಬೂಷ್ಟು ಹಿಡಿದ ಹಾಸಿಗೆಯ ಬಗ್ಗೆ ರಿಸೆಪ್ಷನ್ನಿಗೆ ದೂರು ಕೊಟ್ಟು, ಮರುದಿನ ಹೊಸ ಹಾಸಿಗೆ ಹಾಕಿಸಿಕೊಂಡಿದ್ದೆ. ಅದನ್ನೂ ಹೇಳಿದೆ. ಇನ್ನೊಂದೂ ಹೇಳಿದೆ: ಇಲ್ಲಿ ಸಂಬಳ ಕೊಟ್ಟ ಮರುದಿನದೊಳಗೆ ಪೇ ಸ್ಲಿಪ್ ಕೊಡಬೇಕೆಂಬ ಕಾನೂನಿದೆ, ಎಷ್ಟು ಗಂಟೆ, ಎಷ್ಟು ದರ, ಎಷ್ಟು ಹಿಡಿದದ್ದು ಎಲ್ಲ ಬರೆದು. ನೀವೂ ಅವರಿಗೆ ವಾರದ ಲೆಕ್ಕ ಬರೆದು ಕೊಡಿ. ಅಪ್ಪಯ್ಯ ಫೋನಿಟ್ಟರು. ಐದು ದಿನ ಫೋನಿಲ್ಲ. ಆರನೆಯ ದಿನ ಬಂತು. “ಶೀಟು ಹಾಕಿಸಿದೀನಿ, ಒಂದು ಹಂಡೆ ಒಲೆನೂ ಮಾಡಿಸಿದೀನಿ. ಅವರಿಗೆ ಹೇಳು.” ಲೆಕ್ಕದ ಮಾತೆತ್ತಿದರೆ, ನನ್ನ ಮೇಲೆ ನಂಬಿಕೆ ಇಲ್ವಾ ಎಂದರು. ಅದು ಇವತ್ತಿಗೂ ಆಗಿಲ್ಲ. ಹುಡುಗರೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ಆಸ್ಟ್ರೇಲಿಯಾ ದೊಡ್ಡ ಧರ್ಮರಾಯ ಎಂದು ಹೇಳುತ್ತಿಲ್ಲ. ಅಲ್ಲಿಯೂ ಹಣ್ಣು ಕೊಯ್ಯುವವರಿಗೆ ಬುಟ್ಟಿ ಲೆಕ್ಕದಲ್ಲಿ ಪುಡಿಗಾಸು ಕೊಡುವುದು ನಡೆದೇ ಇತ್ತು. ಬುಟ್ಟಿ ಲೆಕ್ಕವಿದ್ದರೂ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆಯಾಗಬಾರದು ಎಂಬ ನಿಯಮ ಜಾರಿಗೆ ಬಂದದ್ದು 2022ರ ಏಪ್ರಿಲಿನಲ್ಲಿ. ನಮ್ಮಂಥವರ ಸಂಬಳದಲ್ಲಿ ಮೊದಲ ಡಾಲರಿನಿಂದಲೇ ಶೇ 15 ತೆರಿಗೆ. ಮಾಲೀಕರು ಪಿಂಚಣಿ ನಿಧಿಗೆ ಶೇ 11.5 (2025ರ ಜುಲೈಯಿಂದ ಶೇ 12) ಕಟ್ಟುತ್ತಾರೆ, ದೇಶ ಬಿಟ್ಟ ಮೇಲೆ ಅದನ್ನು ವಾಪಸು ಕೇಳಬಹುದು, ಆದರೆ ಬ್ಯಾಕ್‌ಪ್ಯಾಕರುಗಳಿಗೆ ಅದರಲ್ಲಿ ಶೇ 65 ತೆರಿಗೆ ಕಡಿದು ಕೊಡುತ್ತಾರೆ. ಕೊಟ್ಟ ಹಾಗೂ ಆಯಿತು, ಇಟ್ಟುಕೊಂಡ ಹಾಗೂ ಆಯಿತು.

ಟಲ್ಲಿಯಲ್ಲಿ ಐದು ತಿಂಗಳು ದುಡಿದೆ. ಆಮೇಲೆ ಎರಡು ತಿಂಗಳು ಹೆಸರಿಗೆ ತಕ್ಕಂತೆ ಹಾಲಿಡೇ ಮಾಡಿದೆ, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ, ಎಲ್ಲರೂ ನೋಡುವುದನ್ನೇ ನೋಡಿದೆ. ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಡಿಸೆಂಬರಿಗೆ ಗೊತ್ತಾದ್ದರಿಂದ ವೀಸಾ ಮುಗಿಯುವ ಮೊದಲೇ ಹಿಂದಿರುಗಿದೆ. ಒಯ್ದ ಹಣವನ್ನಷ್ಟೂ ವಾಪಸು ತಂದೆ, ಮೇಲೆ ಒಂದೂವರೆ ಲಕ್ಷ ರೂಪಾಯಿ. ಚಾಕಣ್‌ನಲ್ಲಿ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸಂದರ್ಶನದಲ್ಲಿ, ಈ ಒಂಬತ್ತು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಬಾಳೆಹಣ್ಣು ವಿಂಗಡಿಸುತ್ತಿದ್ದೆ ಎಂದೆ. ಒಬ್ಬರು ನಕ್ಕರು, ಇನ್ನೊಬ್ಬರು ಒಂದು ಪಾಳಿಯಲ್ಲಿ ಎಷ್ಟು ಪೆಟ್ಟಿಗೆ ತಿರಸ್ಕೃತವಾಗುತ್ತಿತ್ತು ಎಂದು ಕೇಳಿದರು. ಕೆಲಸ ಕೊಟ್ಟದ್ದು ಎರಡನೆಯವರು. ಎರಡನೇ ವರ್ಷದ ವೀಸಾಕ್ಕೆ ಬೇಕಾದ ದಿನಗಳ ದಾಖಲೆ ನನ್ನ ಹತ್ತಿರ ಇದೆ, 31 ತುಂಬುವ ಮೊದಲು ಅರ್ಜಿ ಹಾಕಬೇಕು. ಹಾಕುತ್ತೇನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ಅಪ್ಪಯ್ಯನೂ ತೋಟವನ್ನು ಚೇಣಿಗೆ ಕೊಟ್ಟುಬಿಡಲೇ ಎಂದು ಎರಡು ವರ್ಷದಿಂದ ಕೇಳುತ್ತಲೇ ಇದ್ದಾರೆ. ನಾನಾಗಲಿ ಅಣ್ಣನಾಗಲಿ ಕೊಡಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಕೊನೆ ಕೊಯ್ಲು ನಡೆದಿತ್ತು. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ, ಚೊಗರಿನ ವಾಸನೆ. ಅಷ್ಟು ತಿಂಗಳು ಫೋನಿನಲ್ಲಿ ಮಾತ್ರ ಕೇಳಿದ್ದ ಆ ಅಣ್ಣತಮ್ಮಂದಿರನ್ನು ಮೊದಲ ಬಾರಿ ನೋಡಿದೆ. ದೊಡ್ಡವನಿಗೆ ನನ್ನಷ್ಟೇ ವಯಸ್ಸು. ಅಲ್ಲಿ ತೋಟದ ಕೂಲಿ ಎಷ್ಟು ಎಂದು ಕೇಳಿದ. ಗಂಟೆಗೆ ಮೂವತ್ತು ಡಾಲರ್ ಎಂದೆ. ಮೊಬೈಲಿನಲ್ಲಿ ಗುಣಿಸಿ ನೋಡಿ, ಇನ್ನೊಮ್ಮೆ ಗುಣಿಸಿ, ನಾನು ಹೋಗಬಹುದಾ ಎಂದು ಕೇಳಿದ. ಕಾಲೇಜು ಓದಿರಬೇಕು, ಇಂಗ್ಲಿಷ್ ಪರೀಕ್ಷೆ, ಖಾತೆಯಲ್ಲಿ ಎರಡೂ ಮುಕ್ಕಾಲು ಲಕ್ಷ, ಆಮೇಲೆ ಲಾಟರಿ ಎಂದೆಲ್ಲ ಹೇಳಿದೆ. ಅವನು ಏಳನೇ ಕ್ಲಾಸು.

“ಅಂದರೆ ಆ ದೇಶದಲ್ಲಿ ಬಾಳೆಗೊನೆ ಹೊರಲು ಡಿಗ್ರಿ ಆಗಿರಬೇಕಾ ದೀದಿ?” ಎಂದು ಹಿಂದಿಯಲ್ಲಿ ಕೇಳಿ, ತಮ್ಮನ ಕಡೆ ನೋಡಿ ಜೋರಾಗಿ ನಕ್ಕ. ಹಂಡೆಗೆ ಸೌದೆ ಒಟ್ಟುತ್ತಿದ್ದ ಅಪ್ಪಯ್ಯ ತಲೆಯೆತ್ತಿ, ಎಂತ ಹೇಳ್ತಾ ಇದಾನೆ ಅವನು ಎಂದರು. ಹಾಗೇ ಅನುವಾದ ಮಾಡಿ ಹೇಳಿದೆ.